ಒಂದು ಬೋಲ್ಟಿಗೆ ನಾಲ್ಕು ಹೆಸರು

ಶುಕ್ರವಾರ ಸಂಜೆ ಐದಕ್ಕೆ ಸೇನಾ ಡಿಪೋದ ಹಳೇ ಲೆಡ್ಜರಿಗೆ ಬೀಗ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೊಸ ಸಾಫ್ಟ್‌ವೇರಿನಲ್ಲಿ ಮೊದಲ ಇಶ್ಯೂ ವೋಚರ್, ಅಂದರೆ ಸಾಮಾನು ಕೊಟ್ಟ ಚೀಟಿ. ನಡುವೆ ಸಿಗುವುದು 63 ಗಂಟೆ. ಸೇನೆಯ ಉಗ್ರಾಣಕ್ಕೆ ಸಾಫ್ಟ್‌ವೇರ್ ಕಟ್ಟಿದವರ ವರ್ಷಗಟ್ಟಲೆ ಕೆಲಸದ ಹಣೆಬರಹ ಗೊತ್ತಾಗುವುದು ಆಗಲೇ. ಅಲ್ಲಿ ಕೋಡ್ ಕೈಕೊಡುವುದು ಕಡಿಮೆ. ಕೈಕೊಡುವುದು ಐಟಂ ಪಟ್ಟಿ.

ರ‍್ಯಾಕಿನಿಂದ ಒಂದು ಬೋಲ್ಟ್ ಎತ್ತಿಕೊಳ್ಳಿ: ಎಂಟು ಮಿಲಿಮೀಟರ್ ದಪ್ಪ, 25 ಉದ್ದ, ಆರು ಮೂಲೆಯ ತಲೆ. ಲೆಡ್ಜರಿನಲ್ಲಿ ಅದು ಒಂದು ಕಡೆ ‘ಬೋಲ್ಟ್ ಹೆಕ್ಸ್ ಎಂ8×25’, ಇನ್ನೊಂದು ಕಡೆ ‘ಹೆಕ್ಸಾಗನ್ ಹೆಡ್ ಬೋಲ್ಟ್ 8 ಎಂಎಂ’, ಮತ್ತೊಂದು ಕಡೆ ‘ಸ್ಕ್ರೂ’. ನಾಲ್ಕನೆಯ ಕಡೆ ಹೆಸರೇ ಇಲ್ಲ, ತಯಾರಕರ ಪಾರ್ಟ್ ನಂಬರ್ ಮಾತ್ರ. ಹೀಗೆ ನಾಲ್ಕು ಕೋಡ್, ನಾಲ್ಕು ಬಿನ್ (ರ‍್ಯಾಕಿನ ಖಾನೆ). ಒಂದು ಬಿನ್ ಖಾಲಿಯಾದರೆ ಖರೀದಿಗೆ ಇಂಡೆಂಟ್, ಅಂದರೆ ಬೇಡಿಕೆ ಪತ್ರ, ಹೋಗುತ್ತದೆ. ಉಳಿದ ಮೂರು ತುಂಬಿ ತುಳುಕುತ್ತಿರುತ್ತವೆ. ಹಳೇ ಸ್ಟೋರ್‌ಕೀಪರಿಗೆ ಇದು ಬಾಯಿಪಾಠ, ಪಕ್ಕದ ಬಿನ್ನಿನಿಂದ ತೆಗೆದುಕೊಟ್ಟು ಕಳಿಸುತ್ತಿದ್ದರು. ಸಾಫ್ಟ್‌ವೇರಿಗೆ ಆ ದಾಕ್ಷಿಣ್ಯ ಇಲ್ಲ. ಸೊನ್ನೆ ಅಂದರೆ ಸೊನ್ನೆ.

ಹಾಗಂತ ಹೆಸರು ನೋಡಿ ನಾಲ್ಕನ್ನೂ ಒಂದು ಮಾಡಿಬಿಟ್ಟರೆ ಇನ್ನೂ ದೊಡ್ಡ ಅನಾಹುತ. ಬೋಲ್ಟಿನ ತಲೆಯ ಮೇಲೆ 8.8 ಎಂದೋ 10.9 ಎಂದೋ ಅಚ್ಚಾಗಿರುತ್ತದೆ. ಅದು ಉಕ್ಕಿನ ಬಲದ ಗುರುತು. ಅಳತೆ ಒಂದೇ ಆದರೂ 10.9 ಹಾಕಬೇಕಾದ ಕಡೆ 8.8 ಹಾಕುವಂತಿಲ್ಲ. ಆದ್ದರಿಂದ ವಿಲೀನದ ಪಟ್ಟಿಯನ್ನು ಕಂಪ್ಯೂಟರ್ ತಯಾರಿಸಬಹುದು, ಒಪ್ಪಿಗೆ ಹಾಕುವವರು ವಸ್ತುವನ್ನು ಕೈಯಲ್ಲಿ ಹಿಡಿದಿರಲೇಬೇಕು. ಈ ಕೆಲಸಕ್ಕೆ ಬದಲಾವಣೆಯ ವಾರ ಸಾಲದು, ತಿಂಗಳುಗಳ ಮುಂಚೆ ಶುರುವಾಗಬೇಕು. 13 ಅಂಕಿಯ ನ್ಯಾಟೋ ಸ್ಟಾಕ್ ನಂಬರ್ (ಹಲವು ದೇಶಗಳ ಸೇನೆಗಳು ಬಳಸುವ ವಸ್ತು ಸಂಖ್ಯೆ) ಇದ್ದರೆ ಅದನ್ನೇ ಬೆನ್ನೆಲುಬು ಮಾಡಿಕೊಳ್ಳುವುದು ವಾಸಿ: ಮೊದಲ ನಾಲ್ಕು ಅಂಕಿ ವರ್ಗ (5306 ಬೋಲ್ಟ್, 5305 ಸ್ಕ್ರೂ), ನಂತರದ ಎರಡು ದೇಶ (ಭಾರತಕ್ಕೆ 72), ಉಳಿದ ಏಳು ವಸ್ತುವಿನದೇ ಸಂಖ್ಯೆ.

ಎರಡನೆಯ ತೊಡಕು, ಲೆಕ್ಕದ ಘಟಕ. ಒಂದು ಬಿನ್ನಿನ ಲೆಕ್ಕ ಬಿಡಿ ಸಂಖ್ಯೆಯಲ್ಲಿ, ಪಕ್ಕದ್ದು ನೂರರ ಡಬ್ಬಿಯಲ್ಲಿ. ಪರಿವರ್ತನೆ ಮಾಡದೆ ಹಾಗೇ ತುಂಬಿದರೆ 12 ಡಬ್ಬಿ 12 ಬೋಲ್ಟಾಗುತ್ತದೆ. ಇದರ ಉಲ್ಟಾ ಆದರೆ ನೂರು ಬೋಲ್ಟ್ ಕೇಳಿದ ಯೂನಿಟ್ಟಿಗೆ ನೂರು ಡಬ್ಬಿ ಲಾರಿ ಹತ್ತುತ್ತದೆ. ಇದನ್ನು ಹಿಡಿಯಲು ಸುಲಭದ ಉಪಾಯ ದರ. ಒಂದೇ ಗುಂಪಿನ ವಸ್ತುಗಳನ್ನು ಬಿಡಿ ದರದ ಕ್ರಮದಲ್ಲಿ ಜೋಡಿಸಿ: ಒಂದಕ್ಕೆ ಹತ್ತು ರೂಪಾಯಿ, ಅದರ ಅವಳಿಗೆ ಸಾವಿರ ಇದ್ದರೆ ಅದು ಬಹುತೇಕ ಡಬ್ಬಿಯೇ. ನೂರುಪಟ್ಟು, ಹನ್ನೆರಡುಪಟ್ಟು ವ್ಯತ್ಯಾಸಗಳೆಲ್ಲ ಹೀಗೆ ಮೇಲೆ ತೇಲುತ್ತವೆ.

ಶನಿವಾರದ ತಲೆನೋವು ಬೇರೆ. ಶುಕ್ರವಾರ ವೋಚರಿಗೆ ಸಹಿ ಬಿದ್ದಿದೆ, ಸಾಮಾನು ಇನ್ನೂ ಪ್ಯಾಕಿಂಗ್ ಶೆಡ್ಡಿನಲ್ಲೇ ಇದೆ. ಅದು ಸ್ಟಾಕಿನಲ್ಲಿ ಉಂಟೋ ಇಲ್ಲವೋ? ಎಣಿಸುವವರು ‘ಉಂಟು’ ಅನ್ನುತ್ತಾರೆ, ಲೆಡ್ಜರ್ ‘ಇಲ್ಲ’ ಅನ್ನುತ್ತದೆ. ಇಂಥ ಸಾಮಾನನ್ನೆಲ್ಲ ‘ಸಾಗಣೆಯಲ್ಲಿದೆ’ ಎಂಬ ಪ್ರತ್ಯೇಕ ಕಾಲ್ಪನಿಕ ಬಿನ್ನಿಗೆ ಹಾಕಿ, ಲೆಕ್ಕಕ್ಕೆ ಏರದ ವೋಚರುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಡಬೇಕು. ಬರಬೇಕಾದ್ದು, ಕೊಡಬೇಕಾದ್ದು, ಅಂದರೆ ಡ್ಯೂಸ್ ಇನ್ ಮತ್ತು ಡ್ಯೂಸ್ ಔಟ್, ಇವನ್ನೂ ಜೊತೆಗೇ ಒಯ್ಯದಿದ್ದರೆ ಹೊಸ ವ್ಯವಸ್ಥೆ ಆಗಲೇ ಆರ್ಡರ್ ಮಾಡಿದ್ದನ್ನು ಮತ್ತೊಮ್ಮೆ ಆರ್ಡರ್ ಮಾಡುತ್ತದೆ.

ಭಾರತದಲ್ಲಿ ಮೂರೂ ಸೇನೆಗಳು ಉಗ್ರಾಣದ ಕಂಪ್ಯೂಟರ್ ಲೆಕ್ಕಕ್ಕೆ ಬೇರೆ ಬೇರೆ ದಾರಿ ಹಿಡಿದಿವೆ. ಭೂಸೇನೆಗೆ ಸಾಮಗ್ರಿ ಪೂರೈಸುವ ಆರ್ಡ್ನೆನ್ಸ್ ಕೋರಿನದು ಸಿಐಸಿಪಿ, ವಾಯುಸೇನೆಯದು ಐಎಂಎಂಒಎಲ್‌ಎಸ್, ನೌಕಾಸೇನೆಯದು ಐಎಲ್‌ಎಂಎಸ್. ಒಬ್ಬರದನ್ನು ಇನ್ನೊಬ್ಬರು ನೋಡಲು ಹೋದಾಗ ಸಾಮಾನ್ಯವಾಗಿ ಸಿಗುವುದು ಚಹಾ, ಬಿಸ್ಕತ್ತು, ಡೆಮೊ. ಡೆಮೊದಲ್ಲಿ ಎಲ್ಲವೂ ಹಸಿರಾಗಿಯೇ ಕಾಣುತ್ತದೆ. ಕೇಳಬೇಕಾದ್ದು ಮೊದಲ ಆರು ತಿಂಗಳ ಹೆಲ್ಪ್‌ಡೆಸ್ಕ್ ರಿಜಿಸ್ಟರ್. ಮಾತಾಡಬೇಕಾದ್ದು ಕೌಂಟರಿನಲ್ಲಿ ಕೂರುವವರ ಜೊತೆ.

ವಾಯುಸೇನೆಯವರಿಂದ ಕಲಿಯಬೇಕಾದ್ದು ಆಯುಸ್ಸಿನ ಲೆಕ್ಕ. ಸೋರದಂತೆ ತಡೆಯುವ ರಬ್ಬರಿನ ಓ-ರಿಂಗಿಗೆ ಕ್ಯೂರ್ ಡೇಟ್ (ರಬ್ಬರನ್ನು ಕಾಯಿಸಿ ಗಟ್ಟಿ ಮಾಡಿದ ಕಾಲ) ಇರುತ್ತದೆ, ಮೂರನೇ ತ್ರೈಮಾಸಿಕ 2022 ಎಂಬಂತೆ. ಎರಡು ಲಾಟನ್ನು, ಅಂದರೆ ಬೇರೆ ಬೇರೆ ಸಲ ತಯಾರಾದ ಕಂತುಗಳನ್ನು, ಒಂದೇ ಬಿನ್ನಿಗೆ ಸುರಿದರೆ ಆ ತಾರೀಖು ಸತ್ತಂತೆ. ಆಮೇಲೆ ಎರಡನ್ನೂ ಹಳೆಯದೆಂದೇ ಎಣಿಸಬೇಕು. ಲಾಟ್ ನಂಬರಿನ ಕಾಲಂ ಮೊದಲ ದಿನದಿಂದಲೇ ಇರಬೇಕು, ಆಮೇಲೆ ಸೇರಿಸಿದರೆ ತುಂಬಲು ಮಾಹಿತಿಯೇ ಇರುವುದಿಲ್ಲ.

ನೌಕಾಸೇನೆಯ ಪಾಠ ಇನ್ನೂ ದೊಡ್ಡದು: ಕಾರವಾರದಿಂದ ಹೊರಟ ಹಡಗಿಗೆ ಸದಾ ನೆಟ್‌ವರ್ಕ್ ಇರುವುದಿಲ್ಲ. ಹಡಗಿನಲ್ಲಿಯೇ ಇಟ್ಟ ಬಿಡಿಭಾಗ ಖರ್ಚಾಗುತ್ತದೆ, ಡಿಪೋಗೆ ಸುದ್ದಿ ವಾರ ಕಳೆದು ಬರುತ್ತದೆ. ಆಗ ‘ಉಳಿಕೆ 7’ ಎಂದು ಕಳಿಸಿದರೆ ಏನೂ ಉಪಯೋಗವಿಲ್ಲ, ಎಂದಿನ 7? ಪ್ರತಿ ಕೊಡುಕೊಳ್ಳುವಿಕೆಯನ್ನೂ ಬಿಡಿಬಿಡಿಯಾಗಿ ಕಳಿಸಬೇಕು. ಹಡಗಿನ ಸಂಕೇತ, ದಿನಾಂಕ, ಕ್ರಮಸಂಖ್ಯೆ ಸೇರಿದ ಒಂದೊಂದು ನಂಬರಿನೊಂದಿಗೆ. ಲೈನ್ ಕಡಿದು ಅದೇ ನಂಬರ್ ಎರಡು ಸಲ ಬಂದರೆ ಎರಡನೆಯದನ್ನು ಬಿಡಬೇಕು. ಉಳಿಕೆ ಸೊನ್ನೆಗಿಂತ ಕೆಳಗಿಳಿದರೆ ತಿರಸ್ಕರಿಸಬಾರದು, ಪರಿಶೀಲನೆಯ ಸಾಲಿನಲ್ಲಿ ಇಡಬೇಕು. ಸಾಮಾನ್ಯವಾಗಿ ಅದಕ್ಕೆ ಮುಂಚಿನ ರಿಸೀಟ್ (ಸಾಮಾನು ಬಂದ ದಾಖಲೆ) ಇನ್ನೂ ದಾರಿಯಲ್ಲಿರುತ್ತದೆ. ನೆಟ್‌ವರ್ಕ್ ಹತ್ತದ ಗುಡ್ಡದ ಠಾಣೆಗಳಿಗೂ ಇದೇ ಕ್ರಮ ಸಲ್ಲುತ್ತದೆ.

2021ರ ಏಪ್ರಿಲ್ 1ರಂದು ಮುಂಬೈಯಲ್ಲಿ ಜಂಟಿ ಲಾಜಿಸ್ಟಿಕ್ಸ್ ನೋಡ್, ಅಂದರೆ ಮೂರೂ ಸೇನೆಗಳ ಕೂಡು ಸರಬರಾಜು ಕೇಂದ್ರ, ಶುರುವಾಯಿತು. ಮೂರೂ ಸೇನೆಗೆ ಬೇಕಾದ್ದು ಒಂದೇ ಕಡೆಯಿಂದ ಸಿಗಬೇಕಾದರೆ ಆ ನಾಲ್ಕು ಹೆಸರಿನ ಬೋಲ್ಟ್ ಮೊದಲು ಒಂದಾಗಬೇಕು.

ಎಲ್ಲವನ್ನೂ ಒಂದೇ ಏಟಿಗೆ ಮಾಡುತ್ತೇವೆಂದು ಹೊರಟವರೂ ಉಂಟು. ಅಮೆರಿಕದ ವಾಯುಸೇನೆ ನೂರಾರು ಹಳೇ ವ್ಯವಸ್ಥೆಗಳ ಬದಲು ಇಸಿಎಸ್‌ಎಸ್ ಎಂಬ ಒಂದನ್ನೇ ತರಲು ಹೋಗಿ, ಸುಮಾರು 100 ಕೋಟಿ ಡಾಲರ್ ಖರ್ಚಾದ ಮೇಲೆ 2012ರ ನವೆಂಬರಿನಲ್ಲಿ ಕೈಬಿಟ್ಟಿತು. ಇನ್ನೂ ಅಷ್ಟೇ ಸುರಿದರೂ ಮೂಲ ಯೋಜನೆಯ ಕಾಲು ಭಾಗ ಮಾತ್ರ ಸಿಗುತ್ತಿತ್ತು. ಅವರ ಭೂಸೇನೆ ಜಿಸಿಎಸ್‌ಎಸ್-ಆರ್ಮಿ ಎಂಬ ವ್ಯವಸ್ಥೆಯನ್ನು ಹಂತಹಂತವಾಗಿ ಇಳಿಸಿತು: ಮೊದಲು ಗೋದಾಮುಗಳು, ಆಮೇಲೆ ಯೂನಿಟ್‌ಗಳ ಆಸ್ತಿ ಲೆಕ್ಕ ಮತ್ತು ನಿರ್ವಹಣೆ. ಅದು ಗಟ್ಟಿಯಾಗಿ ನೆಲೆ ನಿಂತಿತು.

ಸೋಮವಾರ ಎಂಟಕ್ಕೆ ಮುಂಚೆ ಹತ್ತು ಬಿನ್ ಪರೀಕ್ಷೆ: ಐದನ್ನು ಪರದೆಯಿಂದ ಆರಿಸಿ ರ‍್ಯಾಕಿಗೆ ಹೋಗಿ ಎಣಿಸಿ, ಐದನ್ನು ರ‍್ಯಾಕಿನಿಂದ ಆರಿಸಿ ಪರದೆಯಲ್ಲಿ ಹುಡುಕಿ. ಮೊದಲ ಐದರಲ್ಲಿ ಲೆಕ್ಕದಲ್ಲಿದ್ದು ರ‍್ಯಾಕಿನಲ್ಲಿಲ್ಲದ್ದು ಸಿಗುತ್ತದೆ, ಎರಡನೆಯ ಐದರಲ್ಲಿ ರ‍್ಯಾಕಿನಲ್ಲಿದ್ದು ಲೆಕ್ಕಕ್ಕೇ ಬಾರದ್ದು. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ಹಳೇ ಲೆಡ್ಜರನ್ನು ಓದಲು ಮಾತ್ರ ಬರುವಂತೆ ಮಾಡಿ ಇಟ್ಟುಕೊಳ್ಳಿ; ಆಡಿಟ್‌ನವರು ಬಂದಾಗ ಮೊದಲು ಕೇಳುವುದು ಶುಕ್ರವಾರ ಸಂಜೆ ಐದರ ಉಳಿಕೆಯನ್ನೇ.