ಪೋಸ್ಟರ್ ತುಂಬ ಹೆಸರು

ಬರ್ಲಿನ್‌ನಲ್ಲಿ ನಾವು ಕನ್ನಡದವರು ಸೇರಿ ಕುರುಕ್ಷೇತ್ರದ ಕೆಲವು ದೃಶ್ಯ ಆಡುತ್ತಿದ್ದೇವೆ. ಪೋಸ್ಟರ್ ಮಾಡುವ ಕೆಲಸ ನನ್ನದು. ಪಾತ್ರಧಾರಿಗಳು, ಹಾರ್ಮೋನಿಯಂ, ಲೈಟು, ಮೇಕಪ್ಪು, ಊಟ ಬಡಿಸುವವರು, ಎಲ್ಲರ ಹೆಸರೂ ಹಾಕಿದ್ದೆ. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, "ಹಳ್ಳಿ ಕರಪತ್ರ ಇದ್ದಂಗಿದೆ, ಒಂದು ಚಿತ್ರ, ನಾಟಕದ ಹೆಸರು, ತಾರೀಖು ಸಾಕು" ಅಂದರು. ಮನಸ್ಸಿಗೆ ಚುಚ್ಚಿತು.

ಇಲ್ಲಿನ ನಾಟಕದ ಪೋಸ್ಟರ್‌ಗಳು ಜಾಸ್ತಿ ಹಾಗೇ ಇರುತ್ತವೆ, ನಿಜ. ಎರ್ನ್‌ಸ್ಟ್ ಲಿಟ್‌ಫಾಸ್ ಅನ್ನೋ ಮುದ್ರಕ 1855ರಲ್ಲಿ ಈ ಊರಲ್ಲಿ ಶುರು ಮಾಡಿದ ದುಂಡು ಜಾಹೀರಾತು ಕಂಬಗಳು ಈಗಲೂ ಅಲ್ಲಲ್ಲಿ ಇವೆ. ಅವುಗಳ ಮೇಲೆ ಒಂದು ಮುಖ, ಒಂದು ಬಣ್ಣ, ಸುತ್ತ ಖಾಲಿ ಜಾಗ. ನೋಡೋಕೆ ಚೆಂದವೇ.

ಆದರೆ ಕೆಳಗಿನ ಮನೆಯ ಅಜ್ಜಿ ಲಿಫ್ಟಿನಲ್ಲಿ ನನ್ನ ಪೋಸ್ಟರ್ ನೋಡಿ, ತಮಗೆ ಓದಲು ಬಾರದ ಆ ಸಾಲುಗಳ ಮೇಲೆ ಬೆರಳಾಡಿಸುತ್ತಾ, "ಇವರೆಲ್ಲ ಒಂದೇ ಊರಿನವರಾ?" ಅಂತ ಕೇಳಿದರು.

ಹೊಳಲ್ಕೆರೆ ಕಡೆಯ ನಮ್ಮೂರಲ್ಲಾದರೆ ಹೌದು, ಎಲ್ಲ ಒಂದೇ ಊರಿನವರೇ. ಅಲ್ಲಿ ಪಾತ್ರ ಬೇಕಾದವರೇ ದುಡ್ಡು ಹಾಕಬೇಕು, ದುರ್ಯೋಧನನಿಗೆ ಜಾಸ್ತಿ, ಸಣ್ಣಪುಟ್ಟ ಪಾತ್ರಕ್ಕೆ ಕಮ್ಮಿ. ಹೊಲದಿಂದ ಬಂದು, ಕೈಕಾಲು ತೊಳೆದು, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದಪದ್ಯ ಕಲಿಯೋದು ಒಂದೇ ಒಂದು ರಾತ್ರಿಗೆ. ಅವರಿಗೆ ಉಳಿಯೋದು ಕರಪತ್ರದ ಆ ಒಂದು ಸಾಲು ತಾನೇ? ದೊಡ್ಡಪ್ಪ ದಾವಣಗೆರೆಯ ಪ್ರೆಸ್ಸಿನಿಂದ ಪ್ರೂಫ್ ತಂದು, ಕಟ್ಟೆ ಮೇಲೆ ಹರಡಿ, ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದರು. ಯಾರದ್ದಾದರೂ ಇನಿಷಿಯಲ್ ತಪ್ಪಿದ್ದರೆ ಮತ್ತೆ ಬಸ್ಸು ಹತ್ತುತ್ತಿದ್ದರು.

ಬೇಜಾರಾಗೋದು ಈಗಿನದ್ದು ನೋಡಿದರೆ. ಮೊನ್ನೆ ಊರಿಂದ ಬಂದ ಫ್ಲೆಕ್ಸಿನ ಫೋಟೋದಲ್ಲಿ ಮುಖಂಡರದ್ದೇ ದೊಡ್ಡ ದೊಡ್ಡ ಮುಖ, ಭೀಮಾರ್ಜುನರು ಕೆಳಗೆ ಅಂಚೆಚೀಟಿಯಷ್ಟು. ಸ್ತ್ರೀಪಾತ್ರಕ್ಕೆ ಹೊರಗಿಂದ ಬರುವ ಕಲಾವಿದೆಯರಿಗೆ ಎಲ್ಲಕ್ಕಿಂತ ಕೊನೇ ಸಾಲು, ಅದೂ ಅರ್ಧ ಹೆಸರು. ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲಿ ಬಣ್ಣ ಹಚ್ಚಿ, 1988ರಲ್ಲಿ ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಅವರು ನಮ್ಮ ದಾವಣಗೆರೆಯವರು. ಅವರ ಸೀಮೆಯಲ್ಲೇ ಹೀಗೆ ಮಾಡಿದರೆ ಹೇಗೆ?

ಹೆಸರು ತೆಗೆಯಲ್ಲ ಅಂತ ಗುಂಪಿಗೆ ಬರೆದಿದ್ದೇನೆ. ಅಕ್ಷರ ಚೂರು ಸಣ್ಣ ಮಾಡಿದ್ದೇನೆ, ಅಷ್ಟೇ. ದ್ರೌಪದಿ ಮಾಡುವವರ ಹೆಸರು ದುರ್ಯೋಧನನ ಪಕ್ಕದಲ್ಲೇ ಇದೆ, ಅದೇ ಅಳತೆಯಲ್ಲಿ. ಹಾಲ್ ಬಾಡಿಗೆ ಕೊಟ್ಟವರಿಗೆ ಕೊನೇ ಸಾಲು, ಫೋಟೋ ಇಲ್ಲ.