ಬರ್ರಾಕುಡಾ ಹಿಡಿದ ಜಾಗವನ್ನು ಕ್ರೇಟಿನ ಮೇಲೆ ಬರೆಯಿರಿ

ಬರ್ರಾಕುಡಾ ತಿನ್ನಬಹುದಾ ಅಂತ ಬೋಟು ನಿಲ್ಲುವ ದಕ್ಕೆಯಲ್ಲಿ ಕೇಳಿದರೆ "ಯಾಕೆ ತಿನ್ನಬಾರದು, ದಿನಾ ಮಾರ್ತೇವಲ್ಲ" ಅನ್ನುತ್ತಾರೆ. ಲಕ್ಷದ್ವೀಪದ ಕಡೆ ಗಾಳ ಹಾಕಿ ಬಂದವರನ್ನು ಕೇಳಿದರೆ "ದೊಡ್ಡದಾದರೆ ಬೇಡ" ಅನ್ನುತ್ತಾರೆ. ಇಬ್ಬರ ಮಾತೂ ಸರಿಯೇ, ಹವಳದ ಕಡೆಯ ದೊಡ್ಡ ಬರ್ರಾಕುಡಾದಲ್ಲಿ ತಿಂದವರಿಗೆ ಕಾಯಿಲೆ ತರುವ ವಿಷ ಇರಬಹುದು. ಮೀನು ಸಿಕ್ಕ ಜಾಗ ಯಾವುದು, ಅದರ ಉದ್ದ ಎಷ್ಟು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಈ ಎರಡು ವಿಷಯ ಗೊತ್ತಿರುವುದು ಮೀನು ಎಳೆದವರಿಗೆ ಮಾತ್ರ. ಮೀನು ಕ್ರೇಟಿಗೆ ಬಿದ್ದು, ಹರಾಜಾಗಿ, ಲಾರಿ ಹತ್ತಿ ಬೆಂಗಳೂರು ಸೇರುವಷ್ಟರಲ್ಲಿ ಅದು ಬರೀ "ಬರ್ರಾಕುಡಾ" ಆಗಿರುತ್ತದೆ, ಎಲ್ಲಿಯದು ಅಂತ ಹೇಳುವವರು ಯಾರೂ ಇರುವುದಿಲ್ಲ. ಬೋಟಿನ ಕೆಲಸದವರು ಈ ಮೀನಿನ ಬಗ್ಗೆ ಮೊದಲು ಕಲಿಯಬೇಕಾದದ್ದು ಇದನ್ನೇ.

ಗೋವಾ ಕಡೆ ಇದಕ್ಕೆ ತೋಂಕಿ ಅನ್ನುತ್ತಾರೆ, ಕೇರಳದಲ್ಲಿ ಶೀಲಾವು. ಹೆಸರು ಒಂದೇ ಆದರೂ ಜಾತಿ ಹಲವು. ಟ್ರಾಲ್ ಬಲೆಗೆ ಹೆಚ್ಚಾಗಿ ಬೀಳುವುದು ಸಣ್ಣ ಜಾತಿಗಳು. ಮೊಣಕೈ ಉದ್ದದವು, ಮೈಮೇಲೆ ಹೆಚ್ಚು ಗುರುತಿಲ್ಲ, ಬಾಲ ಹಳದಿ ಛಾಯೆ. ಅವು ಮರಳು, ಕೆಸರು ನೆಲದ ಮೇಲೆ ಗುಂಪಾಗಿ ತಿರುಗುತ್ತವೆ. ಮೈತುಂಬ ಅಡ್ಡಪಟ್ಟೆ ಇರುವ, ಒಂದು ಮೀಟರು ದಾಟುವ ಇನ್ನೊಂದು ಜಾತಿಯೂ ನಮ್ಮ ಕಡಲಲ್ಲಿದೆ. ಜಾಗ್ರತೆ ಬೇಕಾದದ್ದು ಮೂರನೆಯದಕ್ಕೆ, ಗ್ರೇಟ್ ಬರ್ರಾಕುಡಾಕ್ಕೆ. ಅದರ ಬಾಲದ ಕಡೆ, ಹೊಟ್ಟೆಯ ಪಕ್ಕದಲ್ಲಿ ಶಾಯಿ ಚೆಲ್ಲಿದಂತೆ ಕಪ್ಪು ಮಚ್ಚೆಗಳಿರುತ್ತವೆ, ಒಂದು ಪಕ್ಕದಲ್ಲಿ ಇದ್ದ ಹಾಗೆ ಇನ್ನೊಂದು ಪಕ್ಕದಲ್ಲಿ ಇರುವುದಿಲ್ಲ. ಬಾಲದ ತುದಿಗಳು ಬಿಳಿಚಿಕೊಂಡಿರುತ್ತವೆ. ಮಚ್ಚೆ ಕಂಡ ಮೀನನ್ನು ಬೇರೆ ಇಡಿ.

ಹಿಡಿಯುವ ವಿಚಾರ. ಬೋಟು ಓಡಿಸುತ್ತಾ ಕೃತಕ ಮೀನು ಕಟ್ಟಿದ ಗಾಳ ಎಳೆಯುವುದಾದರೆ 5ರಿಂದ 7 ನಾಟ್ ವೇಗ ಸಾಕು. ಬಂಗುಡೆ ಸಿಕ್ಕಿಸಿ ಎಳೆಯುವುದಾದರೆ 2-3 ನಾಟ್‌ಗೆ ಇಳಿಸಬೇಕು, ಇಲ್ಲದಿದ್ದರೆ ಬಂಗುಡೆ ಗಿರಗಿರ ತಿರುಗಿ ಲೈನೆಲ್ಲ ಸುರುಳಿಯಾಗುತ್ತದೆ. ಲೈನು 10ರಿಂದ 14 ಕೆಜಿ ತಡೆಯುವಂಥದ್ದು, ಗಾಳ 4/0ರಿಂದ 6/0 ಅಳತೆಯದು. ಈ ಮೀನು ಬಂಗುಡೆಯನ್ನು ಹಿಂಭಾಗದಿಂದ ಬ್ಲೇಡು ಹಾಕಿದಂತೆ ಕತ್ತರಿಸಿಕೊಂಡು ಹೋಗುತ್ತದೆ, ಮೂತಿಯಲ್ಲಿದ್ದ ಗಾಳ ತಲೆಯ ಸಮೇತ ವಾಪಸ್ ಬರುತ್ತದೆ. ಅದಕ್ಕೇ ಬಾಲದ ಹತ್ತಿರ ಎರಡನೆಯ ಗಾಳ ಬೇಕು.

ನೈಲಾನ್ ಲೈನಿನ ತುದಿ ಇದರ ಹಲ್ಲಿನ ಒಂದು ಕಚ್ಚಿಗೂ ತಡೆಯುವುದಿಲ್ಲ. 30ರಿಂದ 45 ಸೆಂ.ಮೀ. ಒಂಟಿ ಎಳೆಯ ಸ್ಟೀಲ್ ವೈರು ಬೇಕು, 6 ಅಥವಾ 7 ನಂಬರಿನದು. ಹೆಚ್ಚಿನವರು ತಪ್ಪುವುದು ಇದನ್ನು ಸುತ್ತುವಾಗ. ಗಾಳದ ಕಣ್ಣಿಗೆ ವೈರು ತೂರಿಸಿ ಮಡಚಿ, ಆಗ ಆಗುವ ಎರಡು ಎಳೆಗಳನ್ನೂ ಒಂದರ ಮೇಲೊಂದು ಕತ್ತರಿಯಂತೆ ದಾಟಿಸುತ್ತಾ ನಾಲ್ಕೈದು ಸಲ ಹೊಸೆಯಬೇಕು. ಎರಡೂ ಎಳೆ ಸಮವಾಗಿ ಬಾಗಬೇಕು. ಒಂದು ಎಳೆ ನೇರ ನಿಂತು ಇನ್ನೊಂದು ಅದರ ಸುತ್ತ ಹೋದರೆ ಮೀನು ಜಗ್ಗಿದಾಗ ಸುತ್ತು ಜಾರಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ತುದಿಯನ್ನು ಅಡ್ಡಕ್ಕೆ ಮಡಚಿ, ಒತ್ತೊತ್ತಾಗಿ ಐದಾರು ಸುತ್ತು. ಉಳಿದ ತುದಿಯನ್ನು ಇಕ್ಕಳದಿಂದ ಕತ್ತರಿಸಬೇಡಿ, ಸೂಜಿಯಂಥ ಚೂಪು ಉಳಿದು ಅಂಗೈ ಸೀಳುತ್ತದೆ. ತುದಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ ಹಿಡಿಕೆಯ ಹಾಗೆ ತಿರುವಿದರೆ ಸುತ್ತಿನ ಬುಡದಲ್ಲೇ ಮುರಿದು ನುಣುಪಾಗುತ್ತದೆ. ಒಂದು ಮೀನು ಹಿಡಿದ ಮೇಲೆ ವೈರಿನಲ್ಲಿ ಚೂರು ಮಡಿಕೆ ಕಂಡರೂ ಬದಲಾಯಿಸಬೇಕು. ಮಡಿಕೆ ಬಿದ್ದ ವೈರು ಅದೇ ಜಾಗದಲ್ಲಿ ಮುರಿಯುತ್ತದೆ.

ರೀಲಿನ ಬಿಗಿ ಲೈನಿನ ತಾಕತ್ತಿನ ಕಾಲು ಭಾಗಕ್ಕಿಂತ ಹೆಚ್ಚು ಬೇಡ. ಮೊದಲ ಓಟ ಜೋರು, ಆಮೇಲೆ ಬೇಗ ಸುಸ್ತಾಗುತ್ತದೆ. ಅಪಾಯ ಬೋಟಿನ ಪಕ್ಕಕ್ಕೆ ಬಂದಾಗ. ಸುಸ್ತಾದಂತೆ ಕಂಡ ಮೀನು ಒಮ್ಮೆ ಮೈ ಕೊಡವಿ ಚಿಮ್ಮಿದರೆ ಗಾಳ ಕಲಾಸಿಯ (ಬೋಟಿನ ಕೆಲಸಗಾರನ) ಕೈಗೆ ಚುಚ್ಚಿಕೊಂಡಿರುತ್ತದೆ, ಹಲ್ಲು ಅವನ ಮೊಣಕಾಲಿನ ಮಟ್ಟದಲ್ಲಿರುತ್ತದೆ. ಕೈಯಿಂದ ವೈರು ಹಿಡಿದು ಎತ್ತಬಾರದು. ಬಿಟ್ಟುಬಿಡುವ ಮೀನಾದರೆ ನೀರಲ್ಲೇ ಇಟ್ಟು ಒಂದಡಿ ಉದ್ದದ ಇಕ್ಕಳದಿಂದ ಗಾಳ ಬಿಡಿಸಿ, ಆಗದಿದ್ದರೆ ವೈರನ್ನು ಬಾಯಿಯ ಹತ್ತಿರ ಕತ್ತರಿಸಿ. ಇಟ್ಟುಕೊಳ್ಳುವ ಮೀನಾದರೆ ಕೊಕ್ಕೆ ಹಾಕಿ ಎತ್ತಿ, ತಲೆಗೆ ಹೊಡೆದು, ಅಲುಗಾಟ ನಿಂತ ಮೇಲೆಯೇ ಬಾಯಿಯ ಹತ್ತಿರ ಕೈ ತನ್ನಿ.

ಈಗ ತಿನ್ನುವ ಪ್ರಶ್ನೆ. ಹವಳದ ದಿಬ್ಬದ ಮೇಲೆ ಬೆಳೆಯುವ ಪಾಚಿಗೆ ಗ್ಯಾಂಬಿಯರ್‌ಡಿಸ್ಕಸ್ ಎಂಬ ಸೂಕ್ಷ್ಮಜೀವಿ ಅಂಟಿಕೊಂಡಿರುತ್ತದೆ. ಪಾಚಿ ಮೇಯುವ ಮೀನು ಅದರ ವಿಷವನ್ನು ಮೈಯಲ್ಲಿ ಸೇರಿಸಿಕೊಳ್ಳುತ್ತದೆ, ಅಂಥ ನೂರಾರು ಮೀನು ತಿಂದ ಬರ್ರಾಕುಡಾದಲ್ಲಿ ವಿಷ ಕೂಡುತ್ತಾ ಹೋಗುತ್ತದೆ. ಮೀನಿಗೆ ಏನೂ ಆಗುವುದಿಲ್ಲ. ತಿಂದ ಮನುಷ್ಯನಿಗೆ ಬರುವ ಕಾಯಿಲೆಗೆ ಸಿಗುಟೆರಾ ಅನ್ನುತ್ತಾರೆ. ವಿಷಕ್ಕೆ ವಾಸನೆ, ರುಚಿ, ಬಣ್ಣ ಯಾವುದೂ ಇಲ್ಲ. ಹುರಿದರೂ ಬೇಯಿಸಿದರೂ ಹೋಗುವುದಿಲ್ಲ. ಫ್ರೀಜ್ ಮಾಡುವುದು, ಉಪ್ಪು ಹಾಕಿ ಒಣಗಿಸುವುದು, ಹುಳಿಯಲ್ಲಿ ನೆನೆಸುವುದು ಯಾವುದೂ ಪ್ರಯೋಜನವಿಲ್ಲ. ಎಷ್ಟು ಕಡಿಮೆ ಸಾಕು ಅಂದರೆ, ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೆರಿಬಿಯನ್ ಬಗೆಯ ವಿಷಕ್ಕೆ ಇಟ್ಟ ಮಿತಿ ನೂರು ಕೋಟಿಯಲ್ಲಿ 0.1 ಪಾಲು, ಪೆಸಿಫಿಕ್ ಬಗೆಯದಕ್ಕೆ ಅದರ ಹತ್ತನೇ ಒಂದು. ಬೆಳ್ಳಿ ನಾಣ್ಯ ಕಪ್ಪಾಗುತ್ತದಾ ನೋಡುವುದು, ನೊಣ ಕೂರುತ್ತದಾ ನೋಡುವುದು, ಇಂಥ ಪರೀಕ್ಷೆಗಳನ್ನು ಕೆರಿಬಿಯನ್ ಊರುಗಳಲ್ಲಿ ತಲೆಮಾರುಗಳಿಂದ ಮಾಡಿದ್ದಾರೆ, ಒಂದನ್ನೂ ನಂಬುವಂತಿಲ್ಲ.

ಕರ್ನಾಟಕದ ಕರಾವಳಿಯ ಬಹುಪಾಲು ನೆಲ ಮರಳು ಮತ್ತು ಕೆಸರು. ಅಲ್ಲಿ ಬಲೆಗೆ ಬಿದ್ದ ಸಣ್ಣ ಬರ್ರಾಕುಡಾ ಮನೆಮನೆಯಲ್ಲಿ ತಿನ್ನುವ ಮೀನು, ಹೆದರಬೇಕಿಲ್ಲ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯ ಸುತ್ತ ಹವಳ ಇದೆ, ಲಕ್ಷದ್ವೀಪವಂತೂ ಪೂರ್ತಿ ಹವಳದ್ದೇ. ಆ ಕಡೆಯ ದೊಡ್ಡ ಮೀನನ್ನು ಮಾರುಕಟ್ಟೆಗೆ ತರಬಾರದು ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ಅಳತೆಗೆ 60 ಸೆಂ.ಮೀ. ಗೆರೆ ಇಟ್ಟುಕೊಳ್ಳಿ, ಅದನ್ನು ದಾಟಿದ್ದು ದೊಡ್ಡ ಮೀನು, ಅಷ್ಟು ಉದ್ದಕ್ಕೆ ಸುಮಾರು ಒಂದೂವರೆ ಕೆಜಿ ತೂಗುತ್ತದೆ. ಮರಳು ನೆಲದಲ್ಲಿ ಸಿಕ್ಕರೂ ದೊಡ್ಡ ಗ್ರೇಟ್ ಬರ್ರಾಕುಡಾ ಬೇಡ, ಬೆಳೆದ ಮೀನು ದೂರ ದೂರ ಅಲೆಯುತ್ತದೆ, ನಿನ್ನೆ ಯಾವ ದಿಬ್ಬದ ಮೇಲಿತ್ತೋ ಯಾರಿಗೆ ಗೊತ್ತು. 60 ಸೆಂ.ಮೀ. ಅನ್ನುವುದು ಅಪಾಯ ಕಡಿಮೆ ಮಾಡುವ ಗೆರೆ ಅಷ್ಟೇ. ಹವಳದ ಜಾಗದ ಸಣ್ಣ ಮೀನಿನಲ್ಲೂ ವಿಷ ಇರಬಹುದು. ದೊಡ್ಡ ಮೀನಿನಲ್ಲಿ ಪಾದರಸವೂ ಸೇರಿಕೊಂಡಿರುತ್ತದೆ, ಬಸುರಿಯರಿಗೂ ಮಕ್ಕಳಿಗೂ ಕೊಡಬೇಡಿ.

ತಲೆ, ಪಿತ್ತಜನಕಾಂಗ, ಮೊಟ್ಟೆ, ಕರುಳು ಇವುಗಳಲ್ಲಿ ವಿಷ ಮಾಂಸಕ್ಕಿಂತ ಹಲವು ಪಟ್ಟು ಹೆಚ್ಚು. ನಮ್ಮ ಕಡೆ ಮೀನಿನ ತಲೆಯ ಗಸಿ ಅಂದರೆ ಪ್ರೀತಿ, ಅದಕ್ಕೇ ಈ ಮಾತನ್ನು ಒತ್ತಿ ಹೇಳಬೇಕು. 2016ರಲ್ಲಿ ಮಂಗಳೂರಿನಲ್ಲಿ ರೆಡ್ ಸ್ನ್ಯಾಪರ್ ಮೀನಿನ ತಲೆ ತಿಂದ ಬಹಳ ಜನ ಒಟ್ಟಿಗೆ ಆಸ್ಪತ್ರೆ ಸೇರಿದರು, ಅದು ಸಿಗುಟೆರಾ ಇರಬೇಕು ಎಂದು ಸಂಶೋಧಕರು ಬರೆದರು. ಫಿಲೆಟ್ (ಮುಳ್ಳು ತೆಗೆದ ಮಾಂಸ) ದೂರದ ಊರಿಗೆ ಹೋಗುತ್ತದೆ, ತಲೆ ಅಗ್ಗಕ್ಕೆ ಇಲ್ಲೇ ಉಳಿಯುತ್ತದೆ. ಅಪಾಯ ಹೆಚ್ಚಿರುವ ಭಾಗ ಕಡಿಮೆ ಸಂಬಳದವರ ತಟ್ಟೆಗೆ ಬೀಳುತ್ತದೆ. ಹವಳದ ಜಾಗದ ಮೀನಿನ ತಲೆಯನ್ನು ಬೋಟಿನವರಿಗೂ ಕೊಡಬೇಡಿ, ಪುಕ್ಕಟೆಯಾಗಿಯೂ ಕೊಡಬೇಡಿ.

ಇಟ್ಟುಕೊಂಡ ಮೀನಿನ ಕಿವಿರು ಕತ್ತರಿಸಿ ರಕ್ತ ಬಸಿಯಿರಿ, ಹೊಟ್ಟೆ ಸೀಳಿ ಕರುಳು ತೆಗೆಯಿರಿ, ಒಂದು ಕೆಜಿ ಮೀನಿಗೆ ಒಂದು ಕೆಜಿ ಐಸ್. ಇದು ಮೀನು ಕೆಡದಿರುವುದಕ್ಕೆ, ಸಿಗುಟೆರಾಕ್ಕೂ ಐಸಿಗೂ ಸಂಬಂಧವಿಲ್ಲ. ತಾಜಾ ಮೀನು ತಿಂದರೂ ಇದು ಬರುತ್ತದೆ. ಕ್ರೇಟಿಗೆ ಒಂದು ತಗಡಿನ ಚೀಟಿ ಕಟ್ಟಿ: ದಿನಾಂಕ, ಜಿಪಿಎಸ್ ಜಾಗ, ನೀರಿನ ಆಳ ಎಷ್ಟು ಮಾರು, ನೆಲ ಮರಳೋ ಹವಳದ ಕಲ್ಲೋ, ಅತಿ ಉದ್ದದ ಮೀನು ಎಷ್ಟು ಸೆಂ.ಮೀ. ಪೆನ್ನಿನ ಶಾಯಿ ಐಸ್ ನೀರಿಗೆ ಅಳಿಸುತ್ತದೆ, ಮೊಳೆಯಿಂದ ಗೀಚಿ. ಕಲ್ಲು ನೆಲದ ಮೀನನ್ನು ಮರಳಿನ ಮೀನಿನ ಕ್ರೇಟಿಗೆ ಬೆರೆಸಿದರೆ ಚೀಟಿಗೆ ಅರ್ಥವೇ ಉಳಿಯುವುದಿಲ್ಲ. ಬೋಟು ನಡೆಸುವ ತಾಂಡೇಲರು ಗಟ್ಟಿ ನಿಲ್ಲಬೇಕಾದ ಜಾಗ ಇದು.

ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಶುರುವಾದರೆ ಸಾಮಾನ್ಯ ಫುಡ್ ಪಾಯಿಸನ್ ಅಂದುಕೊಳ್ಳುವುದು ಸಹಜ. ಗುರುತು ಆಮೇಲೆ ಬರುತ್ತದೆ. ತುಟಿ, ನಾಲಗೆ, ಬೆರಳ ತುದಿ ಜುಮುಜುಮು ಅನ್ನುತ್ತದೆ, ಮೈ ತುರಿಸುತ್ತದೆ, ತಣ್ಣೀರು ಮುಟ್ಟಿದರೆ ಸುಟ್ಟ ಹಾಗಾಗುತ್ತದೆ. ನಾಡಿ ನಿಧಾನವಾಗಿ ತಲೆ ಸುತ್ತಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇದಕ್ಕೆ ಪ್ರತಿವಿಷ ಇಲ್ಲ, ಲಕ್ಷಣ ನೋಡಿ ಚಿಕಿತ್ಸೆ ಕೊಡುತ್ತಾರೆ. ಜುಮುಜುಮು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಆ ದಿನಗಳಲ್ಲಿ ಮದ್ಯ, ಮೀನು, ಕಾಫಿ, ಗೋಡಂಬಿ ಬಾದಾಮಿಯಂಥವು ಅದನ್ನು ಮತ್ತೆ ಕೆರಳಿಸಬಹುದು. ಒಳನಾಡಿನ ವೈದ್ಯರಿಗೆ ಇದು ತಕ್ಷಣ ಹೊಳೆಯದೇ ಇರಬಹುದು, ಆದ್ದರಿಂದ ಯಾವ ಮೀನು, ಎಲ್ಲಿಯದು, ಯಾವ ಭಾಗ ತಿಂದದ್ದು ಅಂತ ನೀವೇ ಹೇಳಿ. ಉಳಿದ ತುಂಡು ಇದ್ದರೆ ಎಸೆಯದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿನಲ್ಲಿಡಿ, ಕ್ರೇಟಿನ ಚೀಟಿಯನ್ನೂ ಅದರ ಜೊತೆಗೇ ಇಡಿ.