ಪಿ.ಟಿ. ಸರ್ ಮತ್ತು ಬ್ರಯೊನಿ ಪೇಜ್

2016ರ ಆಗಸ್ಟ್‌ನಲ್ಲಿ ನಮ್ಮ ಶಾಲೆಯ ನೋಟಿಸ್ ಬೋರ್ಡ್ ತುಂಬ ಜಿಮ್ನಾಸ್ಟ್ ದೀಪಾ ಕರ್ಮಾಕರ್. ರಿಯೊ ಒಲಿಂಪಿಕ್ಸ್‌ನಲ್ಲಿ ಪದಕ ಕೂದಲೆಳೆಯಲ್ಲಿ ತಪ್ಪಿ, ಓಡಿಬಂದು ಮೇಜಿನ ಮೇಲಿಂದ ಹಾರುವ ವಾಲ್ಟ್‌ನಲ್ಲಿ ನಾಲ್ಕನೇ ಸ್ಥಾನ. ಬೆಂಗಳೂರಿನಲ್ಲಿ ಕ್ರಿಕೆಟ್ ಬಿಟ್ಟು ಬೇರೆ ಆಟದ ಮಾತು ಅಷ್ಟು ಜೋರಾಗಿ ನಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪಿ.ಟಿ. ಸರ್‌ಗೆ ಮಾತ್ರ ಅದಕ್ಕೆ ಎರಡು ದಿನ ಮುಂಚೆ ನಡೆದ ಟ್ರ್ಯಾಂಪೊಲಿನ್ ಫೈನಲ್‌ನದೇ ಗುಂಗು, ಅಂದರೆ ಸ್ಪ್ರಿಂಗ್ ಕಟ್ಟಿದ ಬಲೆಯ ಮೇಲೆ ಹಾರಿ ಲಾಗ ಹಾಕುವ ಆಟದ್ದು. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಆ ಬಲೆಯ ಅಳತೆಯ ಒಂದು ಚೌಕಟ್ಟು ಎಳೆದರು: ಉದ್ದ ನಾಲ್ಕು ಮೀಟರಿಗಿಂತ ಸ್ವಲ್ಪ ಹೆಚ್ಚು, ಅಗಲ ಎರಡಕ್ಕಿಂತ ಸ್ವಲ್ಪ ಹೆಚ್ಚು. ನಡುವೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ. "ಎರಡಾಳೆತ್ತರಕ್ಕಿಂತ ಮೇಲೆ ಹಾರಿ, ಲಾಗ ಹಾಕಿ, ಮತ್ತೆ ಇಲ್ಲೇ ಇಳೀಬೇಕು ಕಣ್ರೋ. ಹತ್ತು ಸಲ, ಎಲ್ಲೂ ನಿಲ್ಲದೆ." ಗಾಳಿಯಲ್ಲಿ ಎಷ್ಟು ಹೊತ್ತು ಇದ್ದರು ಎಂಬುದಕ್ಕೂ ಅಂಕ ಉಂಟು, ನಡುವಿನಿಂದ ಸರಿದರೆ ಕಡಿತ. ನಮ್ಮಲ್ಲಿದ್ದದ್ದು ಹರಿದ ಮ್ಯಾಟುಗಳು, ಅಷ್ಟೇ.

ಆ ಫೈನಲ್‌ನಲ್ಲಿ ಕೆನಡಾದ ರೋಸಿ ಮೆಕ್‌ಲೆನನ್ ಲಂಡನ್‌ನಲ್ಲಿ ಗೆದ್ದ ಚಿನ್ನವನ್ನು ಉಳಿಸಿಕೊಂಡರು. ಬೆಳ್ಳಿ ಬಂದದ್ದು ಬ್ರಿಟನ್ನಿನ ಬ್ರಯೊನಿ ಪೇಜ್‌ಗೆ. ಟ್ರ್ಯಾಂಪೊಲಿನ್‌ನಲ್ಲಿ ಆ ದೇಶಕ್ಕೆ ಅದೇ ಮೊದಲ ಒಲಿಂಪಿಕ್ ಪದಕ. ಜೀವಶಾಸ್ತ್ರ ಓದಿದಾಕೆ, ಡೈನೊಸಾರ್‌ಗಳು ಎಂಥ ಸದ್ದು ಮಾಡುತ್ತಿದ್ದಿರಬಹುದು ಎಂಬುದು ಆಕೆಯ ಪ್ರಬಂಧದ ವಿಷಯವಂತೆ. ನಮಗೆ ಪದಕಕ್ಕಿಂತ ಅದೇ ಹೆಚ್ಚು ಹಿಡಿಸಿತು, ಸುಳ್ಳೇಕೆ?

ಆಕೆಯ ಹಿಂದಿನ ಕಥೆ ನಾನು ಓದಿದ್ದು ಕಾಲೇಜು ಮುಗಿದ ಮೇಲೆ. ಹರೆಯದಲ್ಲಿ ಒಮ್ಮೆ, ಚೆನ್ನಾಗಿ ಬರುತ್ತಿದ್ದ ಲಾಗಗಳೇ ಆಕೆಗೆ ಬಾರದೇ ಹೋದವು. ಮೈಗೆ ಏಟಾಗಿರಲಿಲ್ಲ, ಹಾರುವ ಗಳಿಗೆಯಲ್ಲಿ ತಲೆ ಒಪ್ಪುತ್ತಿರಲಿಲ್ಲ. ಈ ಆಟದವರಲ್ಲಿ ಹೀಗಾಗುವುದುಂಟು. ಆಕೆ ಮೊದಲ ಪಾಠದಿಂದ ಒಂದೊಂದಾಗಿ ಕಟ್ಟಿಕೊಂಡು ಬಂದರು. ರಿಯೊದ ಬೆಳ್ಳಿ, ಟೋಕಿಯೊದ ಕಂಚು, 2021 ಮತ್ತು 2023ರ ವಿಶ್ವ ಚಾಂಪಿಯನ್ ಪಟ್ಟ ಎಲ್ಲ ಅದರ ನಂತರದ್ದು. 2024ರ ಆಗಸ್ಟ್ 2ರಂದು ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದಾಗ ಆಕೆಗೆ 33 ವರ್ಷ.

ಓದುವಾಗ ನನ್ನ ಕಣ್ಣಮುಂದೆ ಇದ್ದದ್ದು ನಮ್ಮ ಶಾಲೆಯ ಜಿಮ್ನಾಸ್ಟಿಕ್ಸ್ ತಂಡದ ಒಬ್ಬ ಹುಡುಗಿ. ಹಿಂದಕ್ಕೆ ಲಾಗ ಹಾಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಂದು ದಿನ ಮ್ಯಾಟಿನ ಮೇಲೆ ನಿಂತವಳು ಹಾರಲೇ ಇಲ್ಲ. ಮರುದಿನವೂ ಇಲ್ಲ. ಅಂತರಶಾಲಾ ಸ್ಪರ್ಧೆ ತಪ್ಪಿಸಲು ನಾಟಕ ಎಂದರು ಕೆಲವರು. ಸರ್ ಬೈಯಲಿಲ್ಲ, ಹುರಿದುಂಬಿಸಲೂ ಇಲ್ಲ. ಐದನೇ ಕ್ಲಾಸಿನ ಮಕ್ಕಳ ಸಾಲಿನಲ್ಲಿ ನಿಲ್ಲಿಸಿ ಬರೀ ಮುಂದಕ್ಕೆ ಉರುಳುವುದನ್ನು ಮಾಡಿಸಿದರು, ವಾರಗಟ್ಟಲೆ. ಆ ವರ್ಷ ಅವಳು ಸ್ಪರ್ಧೆಗೆ ಹೋಗಲಿಲ್ಲ. ಮುಂದಿನ ವರ್ಷ ಹೋದಳು. ಸರ್‌ಗೆ ಇದನ್ನೆಲ್ಲ ಯಾರು ಹೇಳಿಕೊಟ್ಟಿದ್ದರೋ!

ಪ್ಯಾರಿಸ್ ಫೈನಲ್ ಮುಗಿದ ರಾತ್ರಿ ಪೇಜ್‌ಳ ಕಥೆಯನ್ನು ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. ಎಲ್ಲರಿಗಿಂತ ಮೊದಲು ಉತ್ತರಿಸಿದವಳು ನಮ್ಮ ತಂಡದ ಆ ಹುಡುಗಿಯೇ: "ನಾಟಕ ಅಂದವರೆಲ್ಲ ಈ ಗ್ರೂಪಲ್ಲೇ ಇದೀರಲ್ವಾ? ಓದ್ಕೊಳ್ರಪ್ಪ."